ಎಚ್‌ಎಲ್‌ಎಚ್: ಎಂಟು ಲಕ್ಷಣ, ಮೂಲ ಒಂದೇ

ಹಾಸನ, ಚಿಕ್ಕಮಗಳೂರು ಕಡೆ ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಕೋರ್ಸ್ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಹೀಮೊಫ್ಯಾಗೊಸೈಟಿಕ್ ಲಿಂಫೊಹಿಸ್ಟಿಯೊಸೈಟೋಸಿಸ್, ಅಂದರೆ ಎಚ್‌ಎಲ್‌ಎಚ್, ವಿರಳ ಕಾಯಿಲೆ. ಪರೀಕ್ಷೆಗೆ ನಾವು ಅದರ ಎಂಟು ಲಕ್ಷಣಗಳನ್ನು ಬಾಯಿಪಾಠ ಮಾಡುತ್ತೇವೆ, ವಾರದಲ್ಲಿ ಮರೆಯುತ್ತೇವೆ. ಒಂದು ವಿಷಯ ಸರಿಯಾಗಿ ಹಿಡಿದರೆ ಎಂಟೂ ತಾವಾಗಿ ನೆನಪಿಗೆ ಬರುತ್ತವೆ. ಎಚ್‌ಎಲ್‌ಎಚ್‌ನಲ್ಲಿ ರೋಗನಿರೋಧಕ ಶಕ್ತಿ ಶುರುವಾಗುವುದರಲ್ಲಿ ತೊಂದರೆ ಇಲ್ಲ. ನಿಲ್ಲುವುದರಲ್ಲಿ ತೊಂದರೆ ಇದೆ.

ವೈರಸ್ ಹೊಕ್ಕ ಕೋಶವನ್ನು ಕೊಲ್ಲುವವು ನ್ಯಾಚುರಲ್ ಕಿಲ್ಲರ್ ಕೋಶಗಳು ಮತ್ತು ಸೈಟೊಟಾಕ್ಸಿಕ್ ಟಿ ಕೋಶಗಳು. ಅವು ಬಿಡುವ ಪರ್ಫೊರಿನ್ ಎಂಬ ಪ್ರೊಟೀನ್ ಎದುರಿನ ಕೋಶದ ಪೊರೆಯಲ್ಲಿ ತೂತು ಮಾಡುತ್ತದೆ. ಗ್ರಾಂಜೈಮ್ ಒಳಗೆ ಹೋಗಿ ಆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದೇ ಆಯುಧಕ್ಕೆ ಇನ್ನೊಂದು ಕೆಲಸವೂ ಇದೆ. ‘ಇಗೋ ಶತ್ರು’ ಎಂದು ಟಿ ಕೋಶಕ್ಕೆ ತೋರಿಸಿಕೊಟ್ಟ ಕೋಶವನ್ನೂ ಅದು ಕೊನೆಗೆ ಮುಗಿಸುತ್ತದೆ. ತೋರಿಸುವವರು ಇಲ್ಲದಾಗ ಟಿ ಕೋಶ ಸುಮ್ಮನಾಗುತ್ತದೆ. ಈ ಕೊನೆಯ ಹಂತವೇ ಕೆಟ್ಟರೆ? ಟ್ಯಾಂಕ್ ತುಂಬಿದರೂ ಮೋಟರ್ ಆಫ್ ಆಗದ ಹಾಗೆ. ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನನ್ನು, ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವ ಪ್ರೊಟೀನನ್ನು, ಸುರಿಸುತ್ತಲೇ ಇರುತ್ತದೆ, ಅದರಿಂದ ಮ್ಯಾಕ್ರೊಫೇಜ್‌ಗಳು (ಬೇಡದ್ದನ್ನು ನುಂಗುವ ಕೋಶಗಳು) ಕೆರಳುತ್ತವೆ, ಅವು ಇನ್ನಷ್ಟು ಸೈಟೊಕೈನ್ ಬಿಡುತ್ತವೆ.

ಈಗ ಕಾಯಿಲೆ ಗುರುತಿಸಲು ಬಳಸುವ ಆ ಎಂಟು ಲಕ್ಷಣಗಳ ಪಟ್ಟಿಯನ್ನು, ಅಂದರೆ ಎಚ್‌ಎಲ್‌ಎಚ್-2004 ಪಟ್ಟಿಯನ್ನು, ಇದೇ ಕಣ್ಣಿನಿಂದ ನೋಡೋಣ. ಸೈಟೊಕೈನ್ ಜಾಸ್ತಿಯಾದರೆ ಜ್ವರ ಬರಲೇಬೇಕು, ಅಲ್ವಾ? 38.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು. ಕೆರಳಿದ ಕೋಶಗಳು ಗುಲ್ಮದಲ್ಲಿ ತುಂಬಿಕೊಂಡು ಅದು ದೊಡ್ಡದಾಗುತ್ತದೆ. ಹಿಮೋಗ್ಲೋಬಿನ್ 9 ಗ್ರಾಂಗಿಂತ ಕಡಿಮೆ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ, ನ್ಯೂಟ್ರೊಫಿಲ್ 1,000ಕ್ಕಿಂತ ಕಡಿಮೆ: ಈ ಮೂರರಲ್ಲಿ ಕನಿಷ್ಠ ಎರಡು ಇರಬೇಕು. ಮ್ಯಾಕ್ರೊಫೇಜ್ ರಕ್ತಕಣಗಳನ್ನು ನುಂಗುವುದರಿಂದ ಮಾತ್ರ ಹೀಗಾಗುವುದಿಲ್ಲ. ಇಂಟರ್‌ಫೆರಾನ್ ಗಾಮಾ ಅಸ್ಥಿಮಜ್ಜೆಯ ಉತ್ಪಾದನೆಯನ್ನೇ ತಗ್ಗಿಸುತ್ತದೆ.

ನನಗೆ ತುಂಬ ಇಷ್ಟವಾದ ಭಾಗ ಮುಂದಿನದು, ಏಕೆಂದರೆ ಸಾಮಾನ್ಯ ಸೋಂಕಿನಿಂದ ಇದನ್ನು ಬೇರೆ ಮಾಡಲು ಇಲ್ಲೇ ಸುಳಿವು ಸಿಗುತ್ತದೆ. ಸಾಮಾನ್ಯ ಸೋಂಕಿನಲ್ಲಿ ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೊಟೀನ್) ಏರುತ್ತದೆ. ಎಚ್‌ಎಲ್‌ಎಚ್‌ನಲ್ಲಿ ಇಳಿಯುತ್ತದೆ, ಡೆಸಿಲೀಟರ್‌ಗೆ 150 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗೆ. ಕೆರಳಿದ ಮ್ಯಾಕ್ರೊಫೇಜ್‌ಗಳು ಫೈಬ್ರಿನೋಜನ್ ಒಡೆಯುವ ಕೆಲಸ ಶುರುಮಾಡಿಸುವ ಪ್ಲಾಸ್ಮಿನೋಜನ್ ಆಕ್ಟಿವೇಟರ್ ಬಿಡುವುದು ಅದಕ್ಕೆ ಒಂದು ಕಾರಣ. ಕೆಂಪು ಕಣಗಳು ಒಂದರ ಮೇಲೊಂದು ಕೂತು ಬೇಗ ಕೆಳಗಿಳಿಯಲು ಫೈಬ್ರಿನೋಜನ್ ಬೇಕು. ಅದಿಲ್ಲದಿದ್ದರೆ ಇಎಸ್‌ಆರ್, ಅಂದರೆ ಕಣ ಕೆಳಗಿಳಿಯುವ ಆ ವೇಗ, ಏರುವುದಿಲ್ಲ. ಹಾಗಾಗಿ ರೋಗಿಗೆ ಜ್ವರ ಸುಡುತ್ತಿದೆ, ಉರಿಯೂತ ತೋರಿಸುವ ಸಿಆರ್‌ಪಿ ಜಾಸ್ತಿ ಇದೆ, ಇಎಸ್‌ಆರ್ ಮಾತ್ರ ಇಳಿಯುತ್ತಿದೆ ಎಂದರೆ ಗುಣವಾಗುತ್ತಿದೆ ಎಂದುಕೊಳ್ಳಬೇಡಿ. ಇಎಸ್‌ಆರ್ ಎಂಟರ ಪಟ್ಟಿಯಲ್ಲಿ ಇಲ್ಲ. ಆದರೂ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ, ನೋಡಲು ಮರೆಯಬಾರದು.

ಟ್ರೈಗ್ಲಿಸರೈಡ್ ಕೊಬ್ಬು ಏರುವುದೇಕೆ? ಸೈಟೊಕೈನ್‌ಗಳು ಲೈಪೊಪ್ರೊಟೀನ್ ಲೈಪೇಸ್ ಎಂಬ ಕಿಣ್ವವನ್ನು ತಡೆಯುತ್ತವೆ, ಕೊಬ್ಬು ರಕ್ತದಲ್ಲೇ ಉಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್‌ಗೆ 265 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಫೈಬ್ರಿನೋಜನ್, ಟ್ರೈಗ್ಲಿಸರೈಡ್ ಎರಡೂ ಸೇರಿ ಪಟ್ಟಿಯಲ್ಲಿ ಒಂದೇ ಅಂಶ. ಒಂದಿದ್ದರೂ ಸಾಕು.

ಕಬ್ಬಿಣ ಕೂಡಿಡುವ ಪ್ರೊಟೀನ್ ಫೆರಿಟಿನ್ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಪಟ್ಟಿಯಲ್ಲಿ ಮಿಲಿಲೀಟರ್‌ಗೆ 500 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಎಂದಿದೆ. ಆದರೆ ಡೆಂಗ್ಯೂನಲ್ಲೂ 500 ದಾಟುತ್ತದೆ. ಕಿಡ್ನಿ ವೈಫಲ್ಯ, ಲಿವರ್ ಹಾನಿ, ಪದೇಪದೇ ರಕ್ತ ಹಾಕಿಸಿಕೊಂಡವರಲ್ಲೂ ಏರುತ್ತದೆ. ಮಕ್ಕಳಲ್ಲಿ 10,000 ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ದೊಡ್ಡವರಲ್ಲಿ ಅಷ್ಟಿದ್ದರೂ ಬೇರೆ ಕಾರಣ ಇರಬಹುದು. ಒಂದು ಸಲದ ಅಂಕಿಗಿಂತ ಅದು ಏರುವ ವೇಗ ನೋಡುವುದು ಒಳ್ಳೆಯದು.

ಉಳಿದವು ಮೂರು. ಮಜ್ಜೆ, ಗುಲ್ಮ ಅಥವಾ ದುಗ್ಧಗ್ರಂಥಿಯಲ್ಲಿ ಮ್ಯಾಕ್ರೊಫೇಜ್ ರಕ್ತಕಣ ನುಂಗಿರುವುದು, ನ್ಯಾಚುರಲ್ ಕಿಲ್ಲರ್ ಕೋಶಗಳ ಕೆಲಸ ಕುಗ್ಗಿರುವುದು, ಕೆರಳಿದ ಟಿ ಕೋಶಗಳು ರಕ್ತಕ್ಕೆ ಬಿಡುವ ಸಾಲ್ಯುಬಲ್ ಸಿಡಿ25 ಮಿಲಿಲೀಟರ್‌ಗೆ 2,400 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿರುವುದು. ಈ ಪಟ್ಟಿಯ ಪ್ರಕಾರ ಎಂಟರಲ್ಲಿ ಐದು ಇದ್ದರೆ ಎಚ್‌ಎಲ್‌ಎಚ್. ಜೀನ್ ದೋಷ ಸಿಕ್ಕರೆ ಲೆಕ್ಕವೇ ಬೇಡ. ಮಜ್ಜೆಯ ಸ್ಲೈಡ್‌ನಲ್ಲಿ ನುಂಗುವಿಕೆ ಕಾಣಲಿಲ್ಲ ಎಂದು ಕಾಯಿಲೆಯನ್ನು ತಳ್ಳಿಹಾಕುವುದು ತಪ್ಪು. ಶುರುವಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಇದನ್ನು 1939ರಲ್ಲಿ ಇಂಗ್ಲೆಂಡಿನ ಸ್ಕಾಟ್ ಮತ್ತು ರಾಬ್-ಸ್ಮಿತ್ ಬೇರೆ ಹೆಸರಿನಲ್ಲಿ ವಿವರಿಸಿದ್ದರು. 1952ರಲ್ಲಿ ಫರ್ಕ್ವರ್ ಮತ್ತು ಕ್ಲೇರೊ ಒಂದೇ ಮನೆಯ ಮಕ್ಕಳಲ್ಲಿ ಕಂಡದ್ದನ್ನು ಬರೆದರು. ಪರ್ಫೊರಿನ್ ಜೀನ್‌ನ ದೋಷ ಗೊತ್ತಾದದ್ದು 1999ರಲ್ಲಿ. ಈ ವಂಶಪಾರಂಪರ್ಯ ರೂಪದಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದಿರಬೇಕು. ಅಂಥ ದಂಪತಿಗೆ ಪ್ರತಿ ಗರ್ಭದಲ್ಲೂ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಕಡೆ ಸೋದರಮಾವನನ್ನು, ಅತ್ತೆ ಮಗನನ್ನು ಮದುವೆಯಾಗುವುದು ಇನ್ನೂ ಇದೆ. ಆದ್ದರಿಂದ ಕೂಸಿಗೆ ಬಿಡದ ಜ್ವರ, ದೊಡ್ಡ ಗುಲ್ಮ ಇದ್ದರೆ ಸಂಬಂಧದೊಳಗಿನ ಮದುವೆಯಾ ಎಂದು ಕೇಳಬೇಕು. ‘ಅಮ್ಮಾ, ಮುಂಚಿನ ಮಗುವಿಗೂ ಹೀಗೇ ಜ್ವರ ಬಂದಿತ್ತಾ?’ ಎಂದು ಮೆಲ್ಲಗೆ ಕೇಳಬೇಕು. ತಪ್ಪು ಹೊರಿಸುವ ಧ್ವನಿ ಬೇಡವೇ ಬೇಡ. ಮಗು ಕಳೆದುಕೊಂಡ ತಾಯಿ ಎದುರಿಗಿರಬಹುದು.

ದೊಡ್ಡವರಲ್ಲಿ ಹೆಚ್ಚಾಗಿ ಬೇರೆ ಕಾಯಿಲೆಯೇ ಇದನ್ನು ಕೆಣಕುತ್ತದೆ: ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ಎಪ್‌ಸ್ಟೀನ್-ಬಾರ್ ವೈರಸ್, ಕ್ಷಯ, ಡೆಂಗ್ಯೂ. ನಮ್ಮ ಮಲೆನಾಡಿಗೆ ಹತ್ತಿರದ್ದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿ ಬರುತ್ತದೆ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದಲ್ಲಿ ಕಳೆ ತೆಗೆಯುವವರಿಗೆ ಜ್ವರ ಬಂದು ರಕ್ತಕಣ ಇಳಿದಿದ್ದರೆ ಮೈ ಪೂರ್ತಿ ನೋಡಿ. ಕಂಕುಳು, ತೊಡೆಸಂದು, ಸೊಂಟ, ಸ್ತನದ ಕೆಳಗೆ ನೋವಿಲ್ಲದ ಕಪ್ಪು ಹಕ್ಕಳೆ ಇರಬಹುದು. ರೋಗಿಗೇ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳನ್ನು ಪರದೆ ಎಳೆದು, ನರ್ಸ್ ಜೊತೆಗಿದ್ದು ನೋಡಬೇಕು. ಸಂಕೋಚಕ್ಕೆ ಬಿಟ್ಟರೆ ರೋಗವೇ ತಪ್ಪಿಹೋಗುತ್ತದೆ. ಮಂಗನ ಕಾಯಿಲೆಯಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಅದು ಉಣುಗಿನಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಸ್ಕ್ರಬ್ ಟೈಫಸ್ ಮಳೆಗಾಲ ಮತ್ತು ಅದರ ಮುಂದಿನ ತಿಂಗಳುಗಳದು.

ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ. ಸ್ಕ್ರಬ್ ಟೈಫಸ್‌ನಿಂದ ಬಂದ ಎಚ್‌ಎಲ್‌ಎಚ್ ಎಷ್ಟೋ ಸಲ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನಿಂದಲೇ ಇಳಿಯುತ್ತದೆ. ಇನ್ನೊಂದು ಆ್ಯಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಕೆಲಸ ಮಾಡುವುದಿಲ್ಲ. ವಂಶಪಾರಂಪರ್ಯ ರೂಪಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಎಟೊಪೊಸೈಡ್ ಎಂಬ ಕೀಮೋಥೆರಪಿ ಔಷಧ ಕೊಟ್ಟು ಬೆಂಕಿ ಆರಿಸಿ, ಆಮೇಲೆ ಕಾಂಡಕೋಶ ಕಸಿ ಮಾಡಬೇಕು. ಡೆಕ್ಸಾಮೆಥಸೋನ್ ಮೆದುಳಿಗೂ ಚೆನ್ನಾಗಿ ತಲುಪುತ್ತದೆ. ಎಟೊಪೊಸೈಡ್ ಕೆರಳಿದ ಟಿ ಕೋಶಗಳನ್ನು ಕೊಲ್ಲುತ್ತದೆ. ಹಿಂದೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸಾಯುತ್ತಿದ್ದ ಕಾಯಿಲೆಯಲ್ಲಿ ಎಚ್‌ಎಲ್‌ಎಚ್-94 ಎಂಬ ಚಿಕಿತ್ಸಾ ಕ್ರಮ ಬಂದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಐದು ವರ್ಷ ದಾಟಿದರು. ಇಂಟರ್‌ಫೆರಾನ್ ಗಾಮಾವನ್ನೇ ಹಿಡಿದಿಡುವ ಎಮಪಲುಮ್ಯಾಬ್ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿಂಫೋಮಾ ಅನುಮಾನ ಇದ್ದರೆ, ರೋಗಿಯ ಸ್ಥಿತಿ ತಡೆಯುವಂತಿದ್ದರೆ, ಸ್ಟೀರಾಯ್ಡ್‌ಗೆ ಮುಂಚೆ ಬಯಾಪ್ಸಿ ಆಗಲಿ. ಸ್ಟೀರಾಯ್ಡ್ ಅದರ ಗುರುತನ್ನೇ ಮುಚ್ಚಿಬಿಡಬಹುದು.

ಲ್ಯಾಬ್‌ನವರಿಗೆ ಒಂದು ಮಾತು. ಫೈಬ್ರಿನೋಜನ್‌ಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್, ಗೆರೆಯ ತನಕ ರಕ್ತ ತುಂಬಿರಬೇಕು. ಕಡಿಮೆ ತುಂಬಿದರೂ, ಗರಣೆ ಕಟ್ಟಿದ್ದರೂ ಫಲಿತಾಂಶ ಸುಳ್ಳಾಗಿ ಕಡಿಮೆ ಬರಬಹುದು. ಪ್ಲೇಟ್‌ಲೆಟ್ ಕಡಿಮೆ ಎಂದು ಯಂತ್ರ ಹೇಳಿದರೆ ಸ್ಮಿಯರ್ ನೋಡಿ, ಗುಂಪುಗಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ವರದಿ ಕೊಡಿ. ಆ ಒಂದು ಅಂಕಿಯ ಮೇಲೆ ಎಟೊಪೊಸೈಡ್ ಶುರುವಾಗಬಹುದು.