ಜಿನೀವಾ ಕಾಯ್ದೆಯ ಕೀಲಿಕೈ 17ನೇ ಕಲಮಿನಲ್ಲಿದೆ

ಯುದ್ಧದಲ್ಲಿ ಗಾಯಗೊಂಡವರು, ಸಮುದ್ರದಲ್ಲಿ ಹಡಗು ಮುಳುಗಿ ಸಿಕ್ಕಿಬಿದ್ದ ಯೋಧರು, ಯುದ್ಧಕೈದಿಗಳು, ಸಾಮಾನ್ಯ ನಾಗರಿಕರು. ಇವರ ರಕ್ಷಣೆಗೆ 1949ರ ಆಗಸ್ಟ್ 12ರಂದು ಆದ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ 1950ರ ನವೆಂಬರ್‌ನಲ್ಲೇ ಅನುಮೋದಿಸಿತು. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ನಮ್ಮ ನ್ಯಾಯಾಲಯ ಯಾರನ್ನೂ ಶಿಕ್ಷಿಸಲಾರದು. ಸಂವಿಧಾನದ 253ನೇ ವಿಧಿಯ ಪ್ರಕಾರ ಸಂಸತ್ತು ಕಾನೂನು ಮಾಡಬೇಕು. ಆ ಕಾನೂನೇ ಜಿನೀವಾ ಒಪ್ಪಂದಗಳ ಕಾಯ್ದೆ. ಅದು ಬಂದದ್ದು 1960ರಲ್ಲಿ.

ಕಾಯ್ದೆಯ 3ನೇ ಕಲಮು ಕಠಿಣವಾಗಿದೆ. ಈ ಒಪ್ಪಂದಗಳ ರಕ್ಷಣೆಯಲ್ಲಿರುವ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಚಿತ್ರಹಿಂಸೆಯಂಥ ಇತರ ಘೋರ ಉಲ್ಲಂಘನೆಗಳಿಗೆ 14 ವರ್ಷದವರೆಗೆ ಸೆರೆ. ಕೃತ್ಯ ಭಾರತದ ಹೊರಗೆ ನಡೆದಿದ್ದರೂ ಇಲ್ಲಿ ವಿಚಾರಣೆ ಸಾಧ್ಯ.

ತೊಡಕಿರುವುದು 17ನೇ ಕಲಮಿನಲ್ಲಿ. ಸರ್ಕಾರ ಅಥವಾ ಅದು ಗೊತ್ತುಪಡಿಸಿದ ಅಧಿಕಾರಿ ದೂರು ಕೊಡದೆ ಯಾವ ನ್ಯಾಯಾಲಯವೂ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ನೊಂದವರಿಗಾಗಲಿ ಅವರ ಮನೆಯವರಿಗಾಗಲಿ ಆ ದಾರಿಯಿಲ್ಲ. ಆರೋಪ ಸರ್ಕಾರದ ಪಡೆಗಳ ಮೇಲೆಯೇ ಇದ್ದರೆ ದೂರು ಕೊಡಬೇಕಾದದ್ದೂ ಸರ್ಕಾರವೇ!

1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೂ ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡಿದ್ದ ಪಾದ್ರಿ ಮೊಂತೇರೊ ಅವರಿಗೆ ದೇಶ ಬಿಡುವಂತೆ ಆದೇಶವಾಯಿತು. ಆಕ್ರಮಿತ ಪ್ರದೇಶದ ಜನರನ್ನು ಹೊರಹಾಕಬಾರದೆಂಬ ನಾಲ್ಕನೇ ಒಪ್ಪಂದವನ್ನು ಅವರು ಆಸರೆಯಾಗಿ ಹಿಡಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೋವಾ ವಿಲೀನವಾದಾಗಲೇ ಆಕ್ರಮಣದ ಸ್ಥಿತಿ ಮುಗಿದಿತ್ತು ಎಂದಿತು. ಜೊತೆಗೆ, ಈ ಕಾಯ್ದೆ ತಪ್ಪಿತಸ್ಥರನ್ನು ಶಿಕ್ಷಿಸುತ್ತದೆಯೇ ಹೊರತು ಒಪ್ಪಂದವನ್ನು ಜಾರಿಮಾಡಿಸುವ ಹಕ್ಕನ್ನು ವ್ಯಕ್ತಿಗೆ ಕೊಡುವುದಿಲ್ಲ ಎಂದೂ ಹೇಳಿತು. ನನ್ನ ದೃಷ್ಟಿಯಲ್ಲಿ ತೀರ್ಪಿನ ಈ ಎರಡನೇ ಮಾತೇ ಹೆಚ್ಚು ಭಾರದ್ದು.

ಒಳನಾಡಿನ ಸಶಸ್ತ್ರ ಸಂಘರ್ಷಕ್ಕೆ ಅನ್ವಯಿಸುವ, ನಾಲ್ಕೂ ಒಪ್ಪಂದಗಳಲ್ಲಿರುವ 3ನೇ ವಿಧಿಯನ್ನು ಮುರಿಯುವುದೂ 'ಘೋರ ಉಲ್ಲಂಘನೆ'ಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಕಾಯ್ದೆಯ 3ನೇ ಕಲಮಿನ ಶಿಕ್ಷೆ ಅದಕ್ಕೆ ತಾಗದು. ಈ ಒಪ್ಪಂದಗಳಿಗೆ ಪೂರಕವಾಗಿ ಬಂದ 1977ರ ಹೆಚ್ಚುವರಿ ಪ್ರೋಟೊಕಾಲ್‌ಗಳಿಗೂ ಭಾರತ ಸೇರಿಲ್ಲ.

ನಮ್ಮ ಬೀದಿಗೆ ಈ ಕಾಯ್ದೆ ತಾಗುವುದು ಲಾಂಛನದ ಮೂಲಕ. ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ಔಷಧಿ ಅಂಗಡಿಯ ಗುರುತಲ್ಲ, ಡಾಕ್ಟರ ಕಾರಿನ ಸ್ಟಿಕ್ಕರೂ ಅಲ್ಲ. ರಣರಂಗದಲ್ಲಿ 'ಇತ್ತ ಗುಂಡು ಹಾರಿಸಬೇಡಿ' ಎನ್ನುವ ಸನ್ನೆ. ಕಂಡಕಂಡಲ್ಲಿ ಬಳಸಿದರೆ ನಿಜವಾಗಿ ಬೇಕಾದಾಗ ಅದನ್ನು ಯಾರೂ ನಂಬುವುದಿಲ್ಲ. ಕೇಂದ್ರ ಸರ್ಕಾರದ ಅನುಮತಿಯಿಲ್ಲದ ಬಳಕೆಯನ್ನು 12ನೇ ಕಲಮು ನಿಷೇಧಿಸುತ್ತದೆ. 1960ರಲ್ಲಿ ಬರೆದಿಟ್ಟ ದಂಡ ಗರಿಷ್ಠ 500 ರೂಪಾಯಿ. ಅದನ್ನು ವಿಧಿಸಬೇಕಾದರೂ 17ನೇ ಕಲಮಿನ ಪ್ರಕಾರ ದೂರು ಸರ್ಕಾರದಿಂದಲೇ ಬರಬೇಕು.