2³¹ − 1 ಅವಿಭಾಜ್ಯವೆಂದು ಆಯ್ಲರ್ ಕಂಡುಕೊಂಡ ಬಗೆ

2,14,74,83,647 ಎಂಬ ಹತ್ತಂಕಿಯ ಸಂಖ್ಯೆಯನ್ನು 2³¹ − 1 ಎಂದು ಬರೆದ ಕೂಡಲೇ ಅದರ ಚಹರೆ ಬದಲಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಅದು ಸಾಲಾಗಿ ನಿಂತ ಮೂವತ್ತೊಂದು ಒಂದುಗಳು. 2ರ ಯಾವುದಾದರೂ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳೆಂದು ಹೆಸರು; ಅವುಗಳಲ್ಲಿ ಇದು ಎಂಟನೆಯದು. ಘಾತಾಂಕವು ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯವೇ ಎಂದು ಭ್ರಮಿಸುವುದು ಸುಲಭ, ಆದರೆ 2¹¹ − 1 = 2047 = 23 × 89. 23, 29, 31, 37 ಎಂಬ ಘಾತಾಂಕಗಳು ಅವಿಭಾಜ್ಯಗಳನ್ನು ಕೊಡುತ್ತವೆಂದು ಇಟಲಿಯ ಗಣಿತಜ್ಞ ಕಟಾಲ್ಡಿ ಹೇಳಿದ್ದರಲ್ಲಿ 31 ಒಂದೇ ನಿಜವಾಯಿತು. ಅದನ್ನು ಸಾಧಿಸಿದವನು ಸ್ವಿಸ್ ಗಣಿತಜ್ಞ ಆಯ್ಲರ್. ಆಗ ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡಿದ್ದ ಅವನು 1772ರಲ್ಲಿ ಗಣಿತಜ್ಞ ಬರ್ನೂಲಿಗೆ ಪತ್ರ ಬರೆದು ಈ ಫಲಿತಾಂಶವನ್ನು ತಿಳಿಸಿದನು.

ಈ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳೇ ನಾಲ್ಕೂವರೆ ಸಾವಿರಕ್ಕೂ ಮಿಗಿಲಾಗಿರುವುದರಿಂದ ಒಂದೊಂದರಿಂದಲೂ ಭಾಗಿಸುತ್ತ ಹೋಗುವುದು ಕೈಬರಹದ ಲೆಕ್ಕಕ್ಕೆ ಹೆಚ್ಚೇ ಆಯಿತು. ಆದ್ದರಿಂದ ಭಾಜಕ ಹೇಗಿರಬೇಕೆಂದು ಮೊದಲು ಯೋಚಿಸೋಣ. ‘ಭ’ ಎಂಬ ಅವಿಭಾಜ್ಯವು 2³¹ − 1 ಅನ್ನು ಭಾಗಿಸಿದರೆ, 2³¹ ಅನ್ನು ‘ಭ’ದಿಂದ ಭಾಗಿಸಿದಾಗ ಶೇಷ 1, ಫರ್ಮಾನ ಪ್ರಮೇಯದ ಪ್ರಕಾರ 2ರ (ಭ − 1)ನೆಯ ಘಾತಕ್ಕೂ ಶೇಷ 1. ಶೇಷ 1 ಬರುವ ಅತಿ ಚಿಕ್ಕ ಘಾತಾಂಕವು ಈ ಎರಡನ್ನೂ ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಆ ಘಾತಾಂಕ 31 ಅಲ್ಲದೆ ಬೇರೆಯಾಗಲಾರದು, ಹಾಗಾಗಿ 31 ಎಂಬುದು ಭ − 1 ಅನ್ನು ಭಾಗಿಸುತ್ತದೆ. ‘ಭ’ ಬೆಸಸಂಖ್ಯೆ, ಆದ್ದರಿಂದ 62 ಕೂಡ ಭಾಗಿಸುತ್ತದೆ.

ಎರಡನೆಯ ಹೆಜ್ಜೆ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. 2³²ಕ್ಕೆ ಶೇಷ 2 ಎಂದರೆ 2¹⁶ರ ವರ್ಗವೇ 2ರಂತೆ ವರ್ತಿಸುತ್ತದೆ. ಹೀಗೆ 2 ವರ್ಗಶೇಷವಾಗಬೇಕಾದರೆ ‘ಭ’ವು 8ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರಲೇಬೇಕು. ಎರಡೂ ನಿಬಂಧನೆಗಳನ್ನು ಕೂಡಿಸಿದರೆ ‘ಭ’ಕ್ಕೆ 248ಕ + 1 ಮತ್ತು 248ಕ + 63 ಎಂಬ ಎರಡೇ ರೂಪಗಳು ಉಳಿಯುತ್ತವೆ (‘ಕ’ ಒಂದು ಪೂರ್ಣಸಂಖ್ಯೆ). ವರ್ಗಮೂಲದೊಳಗೆ ಮೊದಲ ರೂಪದವು 186, ಎರಡನೆಯದರಲ್ಲಿ 63 ಅನ್ನು ಬಿಟ್ಟು 186, ಒಟ್ಟು 372. ಅವುಗಳಲ್ಲಿಯೂ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು. ಒಂದೂ ಭಾಗಿಸುವುದಿಲ್ಲ.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ; ಇದರಿಂದ ದೊರೆಯುವ ಪರಿಪೂರ್ಣ ಸಂಖ್ಯೆ 2³⁰ × (2³¹ − 1), ಹತ್ತೊಂಬತ್ತು ಅಂಕಿಗಳದ್ದು. ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರೆಂದು ಇಂಗ್ಲಿಷ್ ಗಣಿತಜ್ಞ ಬಾರ್ಲೋ 1811ರಲ್ಲಿ ಬರೆದದ್ದು ಸುಳ್ಳಾಯಿತು.

ನಮ್ಮ ಸಂಖ್ಯೆಯಿಂದ ಒಂದನ್ನು ಕಳೆದರೆ 2 × 3² × 7 × 11 × 31 × 151 × 331. 2³¹ − 1ಕ್ಕೆ 7 ಆದಿಮೂಲ, ಎಂದರೆ 7ರ ಘಾತಗಳನ್ನು ಅದರಿಂದ ಭಾಗಿಸುತ್ತ ಹೋದರೆ ಸೊನ್ನೆಯ ಹೊರತು ಎಲ್ಲ ಶೇಷಗಳೂ ಬರುತ್ತವೆ; 5 ಮೇಲಿನ ಅಪವರ್ತನಗಳಲ್ಲಿಲ್ಲದ ಕಾರಣ 7⁵ = 16,807 ಕೂಡ ಆದಿಮೂಲ. ಆದ್ದರಿಂದಲೇ ಯಾದೃಚ್ಛಿಕ ಸಂಖ್ಯೆಗಳಿಗಾಗಿ 16,807ರಿಂದ ಗುಣಿಸಿ ಶೇಷ ತೆಗೆಯುತ್ತ ಹೋಗುವ ಹಳೆಯ ಕಂಪ್ಯೂಟರ್ ವಿಧಾನವು 1ರಿಂದ 2,14,74,83,646ರವರೆಗಿನ ಎಲ್ಲ ಸಂಖ್ಯೆಗಳನ್ನೂ ಮುಟ್ಟಿದ ಮೇಲೆಯೇ ಮೊದಲಿಗೆ ಮರಳುತ್ತದೆ.

31 ಸ್ವತಃ 2⁵ − 1 ಆಗಿರುವುದರಿಂದ, ಈ ಏಣಿಯನ್ನು ಇನ್ನೊಂದು ಮೆಟ್ಟಿಲು ಹತ್ತಿ 2,14,74,83,647 ಅನ್ನೇ ಘಾತಾಂಕವಾಗಿಟ್ಟರೆ ಏನಾಗುತ್ತದೆ? ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಆ ಸಂಖ್ಯೆ ಅವಿಭಾಜ್ಯವಲ್ಲ. 29,52,57,52,66,26,031 ಅದನ್ನು ಭಾಗಿಸುತ್ತದೆ. ಈ ಭಾಜಕವನ್ನು 2 × 68,745 × (2³¹ − 1) + 1 ಎಂದು ಬಿಡಿಸಿ ಬರೆದರೆ, ಮೇಲೆ 62ಕ್ಕೆ ತಲುಪಿಸಿದ ತರ್ಕವೇ ಇಲ್ಲಿಯೂ ಕೆಲಸ ಮಾಡಿರುವುದು ಕಾಣುತ್ತದೆ.