ಇಳಿಯದೇ ಕೂತ ಓಡಿ

ಹಾಸನದಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟಿರುವವರೊಬ್ಬರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ನನ್ನ ಕಚೇರಿಗೆ ಬಂದರು. “ಸಾರ್, ರೆಪೋ ಇಳೀತು ಇಳೀತು ಅಂತ ಟೀವೀಲಿ ಹೇಳ್ತಾರೆ. ನಮ್ಮ ಓಡಿಗೆ ಕಟ್ಟೋದು ಮಾತ್ರ ವರ್ಷ ವರ್ಷ ಜಾಸ್ತೀನೇ ಆಗ್ತಿದೆ.”

ಓಡಿ ಎಂದರೆ ಓವರ್‌ಡ್ರಾಫ್ಟ್, ಬ್ಯಾಂಕ್ ಕೊಟ್ಟ ಮಿತಿಯೊಳಗೆ (ಲಿಮಿಟ್) ಬೇಕಾದಾಗ ತೆಗೆದು, ದುಡ್ಡು ಬಂದಾಗ ತುಂಬುವ ಸಾಲ. ಅವರ ಮಾತು ಸುಳ್ಳಲ್ಲ. 2022ರ ಮೇ ಆರಂಭದವರೆಗೆ ಶೇ 4 ಇದ್ದ ರೆಪೋ ದರ (ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ದರ) 2023ರ ಫೆಬ್ರವರಿ ವೇಳೆಗೆ ಶೇ 6.50 ಆಯಿತು. 2025ರ ಫೆಬ್ರವರಿಯಿಂದ ಇಳಿಯತೊಡಗಿ ಜೂನ್‌ನಲ್ಲಿ ಶೇ 5.50ಕ್ಕೆ ಬಂತು. ಏರಿದ್ದು ತಟ್ಟಿದಷ್ಟು ಬೇಗ ಇಳಿದದ್ದು ಎಲ್ಲರಿಗೂ ಮುಟ್ಟಲಿಲ್ಲ. ಹಳೆಯ ಓಡಿ ಎಂಸಿಎಲ್‌ಆರ್‌ಗೆ, ಅಂದರೆ ಬ್ಯಾಂಕು ತನ್ನ ದುಡ್ಡಿನ ವೆಚ್ಚ ನೋಡಿ ತಾನೇ ಕಟ್ಟುವ ದರಕ್ಕೆ, ಅಂಟಿಕೊಂಡಿದ್ದರೆ ಇಳಿಕೆ ನಿಧಾನ. ಕಿರು, ಸಣ್ಣ ಉದ್ಯಮಗಳ ಹೊಸ ಫ್ಲೋಟಿಂಗ್ (ಬಡ್ಡಿ ದರ ಬದಲಾಗುವ) ಸಾಲಗಳನ್ನು ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ರೆಪೋದಂಥ ಹೊರಗಿನ ದರಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು ಎಂಬ ನಿಯಮವಿದೆ. ನಿಮ್ಮ ಖಾತೆ ಯಾವ ದರಕ್ಕೆ ಸೇರಿದೆ ಎಂದು ಶಾಖೆಯಲ್ಲಿ ಕೇಳಿ. ಹಳೆಯದಾಗಿದ್ದರೆ ನವೀಕರಣದ ಮೊದಲೇ ಬದಲಿಸಿಕೊಡಿ ಎಂದು ಬರೆದುಕೊಡಿ.

ಆದರೆ ಈ ಗಿರಾಕಿಯ ಕಾಯಿಲೆ ದರದಲ್ಲಿರಲಿಲ್ಲ. ಲಿಮಿಟ್ 20 ಲಕ್ಷ, ಬಡ್ಡಿ ಶೇ 11.5. ಮೂರು ವರ್ಷದ ಸ್ಟೇಟ್‌ಮೆಂಟ್ ಹರಡಿಕೊಂಡು, ಪ್ರತಿ ವರ್ಷ ಬಾಕಿ ಅತಿ ಕಡಿಮೆ ಇದ್ದ ದಿನಕ್ಕೆ ಗುರುತು ಹಾಕುತ್ತಾ ಹೋದೆ. ಒಂದು ದಿನವೂ 11 ಲಕ್ಷಕ್ಕಿಂತ ಕೆಳಗೆ ಇಳಿದಿಲ್ಲ.

ಓಡಿ ಇರುವುದು ಹೋಗಿ ಬರುವ ದುಡ್ಡಿಗೆ. ಮುಂಗಾರಿಗೆ ಮುಂಚೆ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುವ ಹೊತ್ತಿಗೆ ಇವರು ಗೊಬ್ಬರ ತುಂಬಿಕೊಳ್ಳುತ್ತಾರೆ, ರೈತರಿಗೆ ಉದ್ರಿ ಕೊಡುತ್ತಾರೆ, ಗಡ್ಡೆ ಕಿತ್ತ ಮೇಲೆ ವಸೂಲಿ. ಆ ನಾಲ್ಕು ತಿಂಗಳಿಗೆ ಓಡಿಯಂಥ ಅನುಕೂಲ ಬೇರೆ ಇಲ್ಲ. ದಿನದ ಕೊನೆಗೆ ಬಾಕಿ ಇದ್ದಷ್ಟಕ್ಕೆ ಮಾತ್ರ ಬಡ್ಡಿ. ಇಲ್ಲಿ ಕೂತಿದ್ದ 11 ಲಕ್ಷದಲ್ಲಿ 9 ಲಕ್ಷ ಮನೆಯ ಮೇಲಂತಸ್ತಿಗೆ ಹೋಗಿತ್ತು, 2 ಲಕ್ಷ ಬಾರದ ಉದ್ರಿ. ವ್ಯಾಪಾರದಲ್ಲಿ ತಿರುಗದ ಈ ಮೊತ್ತಕ್ಕೆ ವರ್ಷಕ್ಕೆ 1,26,500 ರೂಪಾಯಿ ಬಡ್ಡಿ, ಅಸಲು ಒಂದು ರೂಪಾಯಿಯೂ ಕರಗದೆ. ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ಖಾತೆಗಳನ್ನು ವಾರಕ್ಕೊಂದಾದರೂ ನೋಡುತ್ತೇನೆ.

ಅದೇ ಬ್ಯಾಂಕಿನಲ್ಲಿ ಮಗಳ ಮದುವೆಗೆಂದು ಇಟ್ಟ 6 ಲಕ್ಷದ ಎಫ್‌ಡಿ ಇತ್ತು, ಶೇ 7ಕ್ಕೆ. ಮುರಿಯಲು ಮನಸ್ಸಿಲ್ಲ, ಸರಿ. ಎಫ್‌ಡಿ ಮೇಲಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಹಾಕುತ್ತವೆ, ಠೇವಣಿಯ ಶೇ 90ರವರೆಗೆ ಕೊಡುತ್ತವೆ. 5 ಲಕ್ಷವನ್ನು ಶೇ 8ಕ್ಕೆ ಅಲ್ಲಿಂದ ತೆಗೆದು ಓಡಿಗೆ ತುಂಬಿದರೆ ವರ್ಷಕ್ಕೆ 17,500 ರೂಪಾಯಿ ಉಳಿಯುತ್ತದೆ, ಎಫ್‌ಡಿಯೂ ಹಾಗೇ ಇರುತ್ತದೆ. ಉಳಿದ 6 ಲಕ್ಷವನ್ನು ಐದು ವರ್ಷದ ಟರ್ಮ್ ಲೋನ್ ಮಾಡಿಸಿ ಎಂದೆ. ದರದಲ್ಲಿ ದೊಡ್ಡ ಉಳಿತಾಯವೇನಿಲ್ಲ. ಆದರೆ ತಿಂಗಳ ಕಂತಿನಲ್ಲಿ ಅಸಲು ಕರಗುತ್ತದೆ, ಸಾಲಕ್ಕೊಂದು ಕೊನೆ ಕಾಣುತ್ತದೆ.

ಇನ್ನೊಂದು ಮಾತು ಕೇಳಿ ಬೇಸರವೇ ಆಯಿತು. ಆಲೂರು ಕಡೆ ಇವರಿಗೆ ಮೂರೆಕರೆ ಇದೆ. ಜೋಳ, ಆಲೂಗಡ್ಡೆಯ ಖರ್ಚೂ ಅಂಗಡಿಯ ಓಡಿಯಿಂದಲೇ. ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ 7 ಬಡ್ಡಿ, ಗಡುವಿನೊಳಗೆ ಕಟ್ಟಿದರೆ ಶೇ 4. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಹೊಲದ ಖರ್ಚು ಹೊಲದ ಸಾಲದಲ್ಲೇ ನಡೆಯಲಿ. ಆ ದುಡ್ಡನ್ನು ಅಂಗಡಿಗೆ ತಿರುಗಿಸುವುದು ಮಾತ್ರ ಬೇಡ, ಅದು ತಪ್ಪು.

ಎಲ್‌ಐಸಿ ಪಾಲಿಸಿ ಹಳೆಯದಿದ್ದರೆ ಸರೆಂಡರ್ ಮೌಲ್ಯದ (ಈಗಲೇ ನಿಲ್ಲಿಸಿದರೆ ಸಿಗುವ ದುಡ್ಡಿನ) ಮೇಲೆ ಸಾಲ ಸಿಗುತ್ತದೆ. ಬ್ಯಾಂಕಿನ ಚಿನ್ನದ ಸಾಲವೂ ಆದೀತು, ಬಿಡಿಸಿಕೊಳ್ಳುವ ದಿನ ಮೊದಲೇ ಗೊತ್ತಿದ್ದರೆ. ಕೈಸಾಲದ ವಿಷಯಕ್ಕೆ ಬಂದರೆ, “ಎರಡೇ ರೂಪಾಯಿ ಬಡ್ಡಿ” ಎಂದು ನೆಮ್ಮದಿಯಾಗಿ ಹೇಳುವವರಿದ್ದಾರೆ. ಅದು ತಿಂಗಳ ಲೆಕ್ಕ; ವರ್ಷಕ್ಕೆ ಶೇ 24. ಓಡಿಯ ಎರಡರಷ್ಟು.

ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿಯ ಆಚೆಗಿನ ಸಾಲುಗಳನ್ನೂ ಓದಿ: ನವೀಕರಣ ಶುಲ್ಕ, ಸ್ಟಾಕ್ ಸ್ಟೇಟ್‌ಮೆಂಟ್ (ಬ್ಯಾಂಕಿಗೆ ಕೊಡುವ ಸರಕಿನ ಲೆಕ್ಕ) ತಡವಾದದ್ದಕ್ಕೆ ದಂಡ, ಸೇವಾ ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ. 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ದಂಡಬಡ್ಡಿ ಹಾಕುವಂತಿಲ್ಲ. ದಂಡಶುಲ್ಕ ಹಾಕಬಹುದು, ಅದರ ಮೇಲೆ ಮತ್ತೆ ಬಡ್ಡಿ ಸೇರಿಸುವಂತಿಲ್ಲ. ಇವರ ಖಾತೆಯಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದೆ, ಮ್ಯಾನೇಜರ್ ಹತ್ತಿರ ವಿವರ ಕೇಳಲು. ಮಾರಾಟದ ದುಡ್ಡು ಬೇರೆ ಬ್ಯಾಂಕಿನ ಕರೆಂಟ್ ಅಕೌಂಟ್‌ನಲ್ಲಿ ಸುಮ್ಮನೆ 2 ಲಕ್ಷ ಕೂತಿತ್ತು. ಅದನ್ನು ಅಂದೇ ಓಡಿಗೆ ಹಾಕಿಸಿದೆ.

ಏಳುವಾಗ ಅವರು ಕೇಳಿದರು: “ಬಾಕಿ ಇಳಿಸಿಬಿಟ್ರೆ ಲಿಮಿಟ್ ಕಟ್ ಮಾಡಲ್ವಾ ಸಾರ್?” ಭಯ ಸಹಜ. ಸಣ್ಣ ಉದ್ಯಮಗಳಿಗೆ ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ ಶೇ 20ರಷ್ಟು ದುಡಿಯುವ ಬಂಡವಾಳದ (ದಿನದ ವ್ಯಾಪಾರ ನಡೆಸುವ ದುಡ್ಡಿನ) ಸಾಲ ಎಂಬುದು ಬ್ಯಾಂಕುಗಳ ರೂಢಿಯ ಲೆಕ್ಕ. ಇವರ ವಹಿವಾಟು 75 ಲಕ್ಷ, ಅಂದರೆ 15 ಲಕ್ಷದ ಲಿಮಿಟ್. ಕೂತ ಸಾಲ ಹೊರಗೆ ಹೋದ ಮೇಲೆ ಜೂನ್‌ನ ನೆತ್ತಿಯಲ್ಲೂ ಇವರಿಗೆ ಬೇಕಾಗುವುದು 9 ಲಕ್ಷ.